ರಟ್ಟಕ್ಕ ಎರಡನೇ ಸಲ ಓದಿದ ಕಾದಂಬರಿ

ಗ್ರಂಥಾಲಯದ ಹಿಂಬದಿಯಲ್ಲಿ, ಮೆಟ್ಟಿಲ ಕೆಳಗೆ, ಒಂದೇ ಕಿಟಕಿಯ ಒಂದು ಕೋಣೆ ಇದೆ. ಹರಿದ ಪುಸ್ತಕಗಳೆಲ್ಲ ಕೊನೆಗೆ ಅಲ್ಲಿಗೇ ಬರುತ್ತವೆ. ಅಂಟಿನ ಬಟ್ಟಲು, ದಬ್ಬಣ, ಮೇಣ ಹಚ್ಚಿದ ದಾರದ ಉಂಡೆ, ಗೋಡೆಗೆ ಒರಗಿಸಿಟ್ಟ ರಟ್ಟಿನ ಹಾಳೆಗಳು, ಹೊಲಿದ ಪುಸ್ತಕವನ್ನು ಅದುಮಿಡುವ ಕಬ್ಬಿಣದ ತಿರುಪಿನ ಯಂತ್ರ. ಇವುಗಳ ನಡುವೆ ಮೂವತ್ತೇಳು ವರ್ಷದಿಂದ ಕೂತಿರುವ ಹೆಂಗಸನ್ನು ಊರೆಲ್ಲ ರಟ್ಟಕ್ಕ ಎಂದೇ ಕರೆಯುತ್ತದೆ. ಅವಳಿಗೆ ಬೇರೊಂದು ಹೆಸರು ಇದ್ದದ್ದು ಸಂಬಳದ ಚೀಟಿಗೆ ಮಾತ್ರ ಗೊತ್ತು.

ಬಾಯಿ ಜೋರು, ಕೈ ಚುರುಕು. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಮೂಗು ತೂರಿಸಿದರೆ, "ಅಂಟು ಒಣಗಲಿ ಅಂತ ಕಾಯ್ತಿದ್ದೆ, ಅಷ್ಟರಲ್ಲಿ ವರ ಎದ್ದು ಹೋದ" ಎಂದು ಅವರ ಬಾಯಿ ಮುಚ್ಚಿಸುತ್ತಿದ್ದಳು. ತಮ್ಮನ ಮನೆಯಲ್ಲಿ ಮೇಲಿನ ಕೋಣೆ ಅವಳದು. ತಮ್ಮನಿಗೆ ಕೋಪ ಮೂಗಿನ ತುದಿಯಲ್ಲೇ ಇರುವುದರಿಂದ, ಆ ಮನೆಯಲ್ಲಿ ಯಾರಿಗೆ ಏನು ಹೇಳಬೇಕಿದ್ದರೂ ಮೊದಲು ಹೇಳುತ್ತಿದ್ದದ್ದು ಅವಳಿಗೆ. ಮುಖ್ಯವಾಗಿ ತಮ್ಮನ ಮಗಳು. ಆ ಹುಡುಗಿಯನ್ನು ಎಲ್ಲರೂ ಚೂಟಿ ಅನ್ನುತ್ತಿದ್ದರು. ಹದಿನಾರು ತುಂಬಿ ನಾಲ್ಕು ತಿಂಗಳಾಗಿತ್ತು.

ರಟ್ಟಕ್ಕ ತಾನು ಹದಿನಾರರಲ್ಲಿ ಇದ್ದಾಗ ಇದೇ ಗ್ರಂಥಾಲಯದ ಒಂದು ಕಾದಂಬರಿ ಓದಿದ್ದಳು. ಅಪ್ಪ ಶಾಲೆ ಬಿಡಿಸಿದ ವರ್ಷ ಅದು. ಕಥೆಯಲ್ಲಿ ಒಬ್ಬ ದರ್ಜಿಯ ಮಗಳು. ಮನೆಯೆಂದರೆ ಗುಂಡಿ ಹೊಲಿಯುವುದು, ಬೈಸಿಕೊಳ್ಳುವುದು, ಅಷ್ಟೇ. ಮಹಡಿಯ ಕೋಣೆಗೆ ಒಬ್ಬ ಸರ್ವೆಯವನು ಬಾಡಿಗೆಗೆ ಬರುತ್ತಾನೆ. ಅವಳಿಗೆ ನಕ್ಷೆಗಳನ್ನು ತೋರಿಸುತ್ತಾನೆ, ನದಿಗಳ ಹೆಸರು ಕಲಿಸುತ್ತಾನೆ, ನೀನು ಎಲ್ಲರಂತಲ್ಲ ಎನ್ನುತ್ತಾನೆ. ಕೊನೆಯ ಪುಟದಲ್ಲಿ ಬೆಳಗಿನ ದೋಣಿ, ಹಾರುವ ಕೂದಲು, ಹಿಂದೆ ಚಿಕ್ಕದಾಗುವ ಊರು. ರಟ್ಟಕ್ಕ ಮೂರು ದಿನ ಮಹಡಿಯ ನೀರಿನ ತೊಟ್ಟಿಯ ನೆರಳಲ್ಲಿ ಕೂತು ಅದನ್ನು ಓದಿ ಮುಗಿಸಿ ಗಳಗಳ ಅತ್ತಿದ್ದಳು. ಮುಂದಿನ ವಾರ ಅಪ್ಪನಿಗೆ ಹೇಳದೆ ಗ್ರಂಥಾಲಯಕ್ಕೆ ಬಂದು ಕೆಲಸ ಕೇಳಿದ್ದಳು. "ಅವಳು ದೋಣಿ ಹತ್ತಿದಳು, ನಾನು ಈ ಮೆಟ್ಟಿಲು ಇಳಿದೆ" ಎಂದು ಇವತ್ತಿಗೂ ಹೇಳಿಕೊಳ್ಳುತ್ತಾಳೆ. ಆ ಪುಸ್ತಕ ಇಲ್ಲದಿದ್ದರೆ ತಾನು ಯಾವ ಮನೆಯ ಯಾವ ಮೂಲೆಯಲ್ಲಿ ಇರುತ್ತಿದ್ದೆನೋ ಎಂಬ ಕೃತಜ್ಞತೆ ಅವಳಿಗೆ ನಿಜವಾಗಿಯೂ ಇತ್ತು.

ಆದರೆ ಮತ್ತೆ ಓದಿರಲಿಲ್ಲ. ಅದು ಅವಳ ಹಟ. ಸದ್ದು ಮಾಡಿದವರಿಗೆಲ್ಲ "ಶ್" ಅಂದೂ ಅಂದೂ ಶ್ ಸಾರ್ ಎಂಬ ಹೆಸರು ಗಳಿಸಿದ್ದ ಗ್ರಂಥಪಾಲಕರು ಒಮ್ಮೆ, ತಾವು ಹುಡುಗರಾಗಿದ್ದಾಗ ಪ್ರಾಣ ಬಿಡುತ್ತಿದ್ದ ಒಂದು ಕಾದಂಬರಿಯನ್ನು ಐವತ್ತರಲ್ಲಿ ಮತ್ತೆ ತೆಗೆದು ಓದಿ, ಇಪ್ಪತ್ತನೇ ಪುಟಕ್ಕೆ ಆಕಳಿಸಿದ ಕಥೆ ಹೇಳಿದ್ದರು. "ಅಯ್ಯೋ, ಆ ಕಥಾನಾಯಕ ಇಷ್ಟು ಪೆದ್ದನಾ ಅನ್ನಿಸ್ತು ರಟ್ಟಕ್ಕ. ನಾನು ಅವನಿಗೋಸ್ಕರ ಊಟ ಬಿಟ್ಟಿದ್ದೆ!" ರಟ್ಟಕ್ಕ ಅಂದೇ ತೀರ್ಮಾನಿಸಿದಳು. ಬೆಳೆಯುವ ವಯಸ್ಸಿನ ಪುಸ್ತಕವನ್ನು ಬೆಳೆಯುವ ವಯಸ್ಸಿನಲ್ಲೇ ಓದಿ ಬಿಡಬೇಕು. ಆಮೇಲೆ ಓದಿದರೆ ಬೇಸರವೇ ಗತಿ. ಬೇಸರಕ್ಕಿಂತ ಕೆಟ್ಟದ್ದು ಏನಾದರೂ ಇರಬಹುದು ಎಂಬುದು ಅವಳ ತಲೆಗೆ ಹೊಳೆಯಲೇ ಇಲ್ಲ.

ಪುಸ್ತಕವಂತೂ ಅವಳ ಕೈಗೆ ಬರುತ್ತಲೇ ಇತ್ತು. ಮೊದಲ ಮೂವತ್ತು ವರ್ಷದಲ್ಲಿ ಒಂದೇ ಸಲ ರಿಪೇರಿಗೆ ಬಂದದ್ದು, ಕಳೆದ ಏಳು ವರ್ಷದಲ್ಲಿ ಮೂರು ಸಲ ಬಂದಿತ್ತು. ಅವಳಿಗೆ ಖುಷಿಯೋ ಖುಷಿ. ಈಗಿನ ಹುಡುಗಿಯರೂ ಓದುತ್ತಿದ್ದಾರಲ್ಲ! ಹೊಲಿಗೆ ಬಿಚ್ಚಿ, ಹಳೆಯ ಅಂಟು ಕೆರೆದು, ಪುಟಗಳ ಮೇಲಿನ ಪೆನ್ಸಿಲ್ ಗೆರೆಗಳನ್ನು ರಬ್ಬರಿನಿಂದ ಉಜ್ಜಿ, ಯಾರು ಯಾವ ತಾರೀಖಿಗೆ ಒಯ್ದರೆಂದು ಬರೆಯುವ ಹಿಂದಿನ ಚೀಟಿಯನ್ನು ಕಿತ್ತೆಸೆದು ಹೊಸದು ಅಂಟಿಸಿ ಕಳಿಸುತ್ತಿದ್ದಳು. ರಟ್ಟು ಹಾಕುವವರು ಪುಟ ನೋಡುತ್ತಾರೆ, ಅಕ್ಷರ ನೋಡುವುದಿಲ್ಲ. ಅಕ್ಷರ ನೋಡುತ್ತ ಕೂತರೆ ದಿನಕ್ಕೆ ಒಂದು ಪುಸ್ತಕವೂ ಮುಗಿಯುವುದಿಲ್ಲ ಎಂದು ಅವಳಿಗೆ ಕೆಲಸ ಕಲಿಸಿದ ಮುದುಕ ಮೊದಲ ದಿನವೇ ಗದರಿದ್ದ.

ಚೂಟಿಗೆ ಹದಿನಾರು ತುಂಬಿದ ದಿನ ಆ ಕಾದಂಬರಿಯನ್ನು ಕೈಗಿಟ್ಟದ್ದು ರಟ್ಟಕ್ಕನೇ. "ಈ ವಯಸ್ಸಿಗೇ ಓದ್ಬೇಕು ಕಣೇ ಇದನ್ನ. ಈಗ ಬಿಟ್ರೆ ಮತ್ತೆ ಸಿಗಲ್ಲ" ಎಂದಿದ್ದಳು. ಹುಡುಗಿ ಕಥೆ ಬರೆಯುತ್ತಾಳೆಂದು ಪ್ರೂಫಿನವರ ಹತ್ತಿರ ಕರೆದುಕೊಂಡು ಹೋದದ್ದೂ ಅವಳೇ.

ಪ್ರೂಫಿನವರು ಎಂದರೆ ಮುದ್ರಣಾಲಯಕ್ಕೆ ಪ್ರೂಫ್ ತಿದ್ದಿಕೊಡುವವರು. ನಲವತ್ತರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ, ಮಾತು ಬೆಣ್ಣೆ. ಎಂಟು ವರ್ಷದಿಂದ ಓದುವ ಕೋಣೆಯ ಕಿಟಕಿ ಪಕ್ಕದ ಮೇಜು ಅವರದೇ. ಗ್ರಂಥಾಲಯದ ಪುಸ್ತಕಪಟ್ಟಿಯನ್ನು ಬಿಟ್ಟಿಯಾಗಿ ತಿದ್ದಿಕೊಟ್ಟಿದ್ದರು. ಜೇಬಿನಲ್ಲಿ ಒಂದು ಸಣ್ಣ ಸ್ಟೀಲ್ ಸ್ಕೇಲು. ಗೆರೆ ಎಳೆದರೆ ಸ್ಕೇಲಿಟ್ಟೇ, ಗೆರೆಯ ಕೊನೆಯಲ್ಲಿ ಮೇಲಕ್ಕೊಂದು ಪುಟ್ಟ ಕೊಕ್ಕೆ. ಇಡೀ ಕಟ್ಟಡದಲ್ಲಿ ರಟ್ಟಕ್ಕನ ಕೈಕೆಲಸವನ್ನು ಬಾಯಿಬಿಟ್ಟು ಹೊಗಳಿದವರು ಅವರೊಬ್ಬರೇ. ಹೊಗಳಿಕೆ ಯಾರಿಗೆ ತಾನೇ ಬೇಡ? "ನಮ್ಮ ಹುಡುಗಿ ಏನೋ ಗೀಚ್ತಾಳೆ, ಸ್ವಲ್ಪ ನೋಡಿ" ಎಂದು ಕೈಯಾರೆ ಒಪ್ಪಿಸಿ ಬಂದಿದ್ದಳು.

ಸೋಮವಾರ ಸಂಜೆ ಚೂಟಿ ಆ ಕಾದಂಬರಿಯನ್ನು ಎದೆಗವಚಿಕೊಂಡು ಮೆಟ್ಟಿಲ ಕೆಳಗಿನ ಕೋಣೆಗೆ ಬಂದಳು. ಬೆನ್ನು ಸೀಳಿಹೋಗಿತ್ತು.

"ಅತ್ತೆ, ಇದನ್ನ ಶುಕ್ರವಾರದೊಳಗೆ ಸರಿ ಮಾಡಿಕೊಡ್ತೀಯಾ? ಶನಿವಾರಕ್ಕೆ ಬೇಕು."

"ಶನಿವಾರ ಏನಿದೆ?"

"ಏನಿಲ್ಲ. ಸುಮ್ನೆ."

ಹೇಳುವಾಗ ಹುಡುಗಿ ದಾರದ ಉಂಡೆಯನ್ನು ನೋಡುತ್ತಿದ್ದಳು. ರಟ್ಟಕ್ಕನ ಕಿವಿ ನೆಟ್ಟಗಾಯಿತು. ಆದರೆ ಆ ವಯಸ್ಸಿನ ಹುಡುಗಿಯರಿಗೆ ಒಂದೆರಡು ಗುಟ್ಟು ಇರಬೇಕು ಎಂದು ನಂಬಿದವಳು ಅವಳು. ಪುಸ್ತಕವನ್ನು ಮೇಜಿನ ಮೇಲಿಟ್ಟಳು.

ಮಂಗಳವಾರ ಮಧ್ಯಾಹ್ನ ಪುಸ್ತಕವನ್ನು ಬಿಚ್ಚಿ, ರಬ್ಬರು ಹಿಡಿದು ಕೂತಳು. ಅರವತ್ತನೇ ಪುಟದ ಹತ್ತಿರ ಪೆನ್ಸಿಲ್ ಗೆರೆ. ಉಜ್ಜಲು ಕೈ ಇಟ್ಟಳು. ಪಕ್ಕದ ಅಂಚಿನಲ್ಲಿ ಚೂಟಿಯ ಕೈಬರಹ ಇತ್ತು: ನಾನೇ. ಅಷ್ಟೇ. ಅತ್ತೆಗೆ ನಗು ಬಂತು. ಯಾವ ಮಾತು ಕಂಡು ಹುಡುಗಿ ಹೀಗೆ ಬರೆದಿದ್ದಾಳೆ ಎಂಬ ಕುತೂಹಲಕ್ಕೆ, ಇಷ್ಟು ವರ್ಷದ ಹಟ ಮರೆತು, ಗೆರೆಯ ಮೇಲಿನ ಸಾಲನ್ನು ಓದಿದಳು.

"ನಿನ್ನ ವಯಸ್ಸಿನವರಿಗೆ ಇದು ಅರ್ಥವಾಗುವುದಿಲ್ಲ, ನಿನಗೆ ಆಗುತ್ತದೆ. ಅದಕ್ಕೇ ಯಾರಿಗೂ ಹೇಳಬೇಡ." ಸರ್ವೆಯವನು ಹುಡುಗಿಗೆ ಹೇಳುವ ಮಾತು.

ಈ ಮಾತು ಅವಳಿಗೆ ಬಾಯಿಪಾಠವಿತ್ತು. ಹದಿನಾರರಲ್ಲಿ ಇದನ್ನು ಓದಿ ಮೈ ಜುಮ್ಮೆಂದಿತ್ತು. ಈಗಲೂ ಮೈ ಜುಮ್ಮೆಂದಿತು, ಆದರೆ ಬೇರೆ ಥರ. ಯಾರಿಗೂ ಹೇಳಬೇಡ ಅನ್ನೋಕೆ ಇವನ್ಯಾರು? ಹಿಂದಿನ ಪುಟ ತಿರುಗಿಸಿದಳು. ಮುಂದಿನ ಪುಟ ತಿರುಗಿಸಿದಳು. ಆಮೇಲೆ ಅಂಟಿನ ಬಟ್ಟಲಿಗೆ ಮುಚ್ಚಳ ಹಾಕಿ, ಮೊದಲ ಪುಟದಿಂದ ಶುರುಮಾಡಿದಳು.

ಸರ್ವೆಯವನಿಗೆ ನಲವತ್ತೊಂದು. ಇದು ಎರಡನೇ ಅಧ್ಯಾಯದಲ್ಲೇ ಇತ್ತು. ಅವಳಿಗೆ ನೆನಪಿದ್ದ ಸರ್ವೆಯವನು ಎಷ್ಟು ವಯಸ್ಸಿನವನೂ ಆಗಿರಲಿಲ್ಲ, ಬರಿಯ ಒಂದು ಧ್ವನಿಯಾಗಿದ್ದ. ಅವನು ಹುಡುಗಿಯ ಗೆಳತಿಯ ಬಗ್ಗೆ ಒಂದು ಸಣ್ಣ ಮಾತು ಆಡುತ್ತಾನೆ, ಮುಂದಿನ ಅಧ್ಯಾಯಕ್ಕೆ ಗೆಳತಿ ಇಲ್ಲ. ತಾಯಿಯ ಬಗ್ಗೆ ಒಂದು ನಗು ನಗುತ್ತಾನೆ, ಹುಡುಗಿ ತಾಯಿಯ ಹತ್ತಿರ ಮಾತು ನಿಲ್ಲಿಸುತ್ತಾಳೆ. ಒಂದೊಂದೇ ಬಾಗಿಲು ಮುಚ್ಚುತ್ತ ಬರುತ್ತಾನೆ, ಅದೂ ಹುಡುಗಿಯ ಕೈಯಿಂದಲೇ. ನೂರಾ ಮೂವತ್ತನೇ ಪುಟದಲ್ಲಿ ಅವನ ಪೆಟ್ಟಿಗೆಯೊಳಗೆ ಹುಡುಗಿಗೆ ಒಂದು ಬಾಚಣಿಗೆ ಸಿಗುತ್ತದೆ. ತೀರಿಹೋದ ತಂಗಿಯದು ಎನ್ನುತ್ತಾನೆ. ಹುಡುಗಿ ಕಣ್ಣೀರಾಗುತ್ತಾಳೆ. ಹದಿನಾರರಲ್ಲಿ ರಟ್ಟಕ್ಕನೂ ಕಣ್ಣೀರಾಗಿದ್ದಳು. ಅದರ ಮುಂದಿನ ಸಾಲು ಅವಳಿಗೆ ನೆನಪೇ ಇರಲಿಲ್ಲ. ಬಾಚಣಿಗೆಯ ಹಲ್ಲುಗಳಲ್ಲಿ ಎರಡು ಬಗೆಯ ಕೂದಲು ಸಿಕ್ಕಿಕೊಂಡಿದ್ದವು, ಒಂದು ಉದ್ದದ್ದು, ನೆಟ್ಟಗಿನದು, ಒಂದು ಗುಂಗುರು.

 ಇದು ತಾನು ಓದಿದ ಪುಸ್ತಕವೇ ಅಲ್ಲ ಅನ್ನಿಸಿತು ರಟ್ಟಕ್ಕನಿಗೆ. ಆಗ ಹಾಳೆಗಳು ಬಿಟ್ಟುಹೋಗಿದ್ದವೇನೋ, ಆಮೇಲೆ ಯಾರೋ ಸೇರಿಸಿದರೇನೋ. ಅವಳ ಕಸುಬು ಅದೇ ತಾನೇ? ಎಣಿಸಿದಳು. ಹದಿನಾರು ಪುಟಗಳಂತೆ ಮಡಿಚಿ ಹೊಲಿಯುವ ಹದಿನಾಲ್ಕು ಮಡಿಕೆಗಳು. ಒಂದು ಹಾಳೆ ಹೆಚ್ಚಿಲ್ಲ, ಒಂದು ಹಾಳೆ ಕಡಿಮೆಯಿಲ್ಲ. ಕಾಗದ ಒಂದೇ, ಮಸಿ ಒಂದೇ. ಪ್ರತಿ ಮಡಿಕೆಯ ಬೆನ್ನಿನಲ್ಲಿ ಅವಳ ದಬ್ಬಣವೇ ಮಾಡಿದ ತೂತುಗಳು. ಆ ಸಾಲು ಮೊದಲಿನಿಂದಲೂ ಅಲ್ಲೇ ಇತ್ತು. ಬರೆದವರು ತಿಳಿದೇ ಬರೆದಿದ್ದರು, ತನಗೆ ಕಂಡಿರಲಿಲ್ಲ, ಅಷ್ಟೇ. ದೋಣಿ ಎಲ್ಲಿಗೆ ಹೋಗುತ್ತದೆ ಎಂದು ಕೊನೆಯ ಪುಟದಲ್ಲಿ ಬರೆದಿಲ್ಲ ಎಂಬುದೂ ಅವಳಿಗೆ ಅಂದೇ ಗೊತ್ತಾಯಿತು.

ಆಮೇಲೆ ಅವಳು ಗೆರೆಗಳನ್ನು ನೋಡಿದಳು. ಎಲ್ಲ ಸ್ಕೇಲಿಟ್ಟು ಎಳೆದವು. ಪ್ರತಿ ಗೆರೆಯ ಕೊನೆಗೂ ಮೇಲಕ್ಕೊಂದು ಪುಟ್ಟ ಕೊಕ್ಕೆ.

 ಗೆರೆ ಎಳೆದದ್ದು ಹುಡುಗಿಯಲ್ಲ. ಹುಡುಗಿಗೆ ಯಾವ ಮಾತು ಹಿಡಿಸಬೇಕೋ ಆ ಮಾತಿಗೆ ಪ್ರೂಫಿನವರು ಗೆರೆ ಎಳೆದುಕೊಟ್ಟಿದ್ದರು. ಬುಧವಾರ, ಗುರುವಾರ ಎರಡು ದಿನ ರಟ್ಟಕ್ಕ ಕೆಲಸಕ್ಕೆ ಬಂದಳು, ಕೂತಳು, ಒಂದು ಹೊಲಿಗೆಯನ್ನೂ ಹಾಕಲಿಲ್ಲ. ತಮ್ಮನಿಗೆ ಹೇಳಿದರೆ? ಅವನು ಹುಡುಗಿಯ ಕೆನ್ನೆಗೆ ಎರಡು ಬಿಟ್ಟು, ಶಾಲೆ ಬಿಡಿಸಿ, ಕೋಣೆಗೆ ಚಿಲಕ ಹಾಕುತ್ತಾನೆ. ಆಗ ಪುಸ್ತಕದಲ್ಲಿ ಬರೆದದ್ದೆಲ್ಲ ಹುಡುಗಿಗೆ ನಿಜವೇ ಆಗಿಹೋಗುತ್ತದೆ, ಚಿಲಕ ತೆಗೆದ ದಿನ ಅವಳು ಮನೆಯಲ್ಲಿರುವುದಿಲ್ಲ. ಶ್ ಸಾರ್‌ಗೆ ಹೇಳಿದರೆ? ಪುಸ್ತಕದಲ್ಲಿ ಗೆರೆ ಎಳೆದದ್ದಕ್ಕೆ ದಂಡ ಹಾಕಬಹುದು, ಇನ್ನೇನು ಮಾಡಿಯಾರು ಪಾಪ. ಗುರುವಾರ ಓದುವ ಕೋಣೆಯ ಮುಂದೆ ಹಾದುಹೋದಾಗ ಪ್ರೂಫಿನವರು ತಲೆಯೆತ್ತಿ ನಕ್ಕರು. "ರಟ್ಟಕ್ಕ, ಮುಖ ಯಾಕೆ ಬಾಡಿದೆ? ಹುಷಾರಿಲ್ವಾ?" ಎಂದು ಎಷ್ಟು ಮೆತ್ತಗೆ ಕೇಳಿದರೆಂದರೆ, ಒಂದು ಗಳಿಗೆ ಅವಳಿಗೆ ತನ್ನ ಮೇಲೇ ಅನುಮಾನ ಬಂತು.

ಶುಕ್ರವಾರ ನಾಲ್ಕು ಗಂಟೆಗೆ ಚೂಟಿ ಪುಸ್ತಕಕ್ಕೆ ಬಂದಳು. ರಟ್ಟಕ್ಕ ಬಾಗಿಲು ಹಾಕಿದಳು.

"ನಾಳೆ ಎಲ್ಲಿಗೆ ಹೋಗ್ತಿದ್ದೀಯ? ಪ್ರೂಫಿನವರ ಜೊತೆ."

ಹುಡುಗಿಯ ಮುಖ ಕೆಂಪಾಗಿ ಬಿಳಿಯಾಯಿತು. ಆದರೆ ಅತ್ತೆಯ ಮುಂದೆ ಸುಳ್ಳು ಹೇಳಿ ಅವಳಿಗೆ ಅಭ್ಯಾಸವಿರಲಿಲ್ಲ. ಬೇರೊಂದು ಊರಿನಲ್ಲಿ ಬರೆಯುವವರ ಶಿಬಿರ ಇದೆಯಂತೆ. ಹತ್ತು ಗಂಟೆಯ ಬಸ್ಸು. ಮನೆಯಲ್ಲಿ ಹೇಳಿದರೆ ಬಿಡುವುದಿಲ್ಲ, ಬಸ್ಸು ಹತ್ತಿದ ಮೇಲೆ ತಿಳಿಸಿದರಾಯಿತು ಎಂದಿದ್ದಾರಂತೆ.

"ನಿನಗೆ ಹೇಳೋಣ ಅಂದೆ ಅತ್ತೆ. ಆದ್ರೆ ಅವರು ಬೇಡ ಅಂದ್ರು. ನಿನಗೆ ನೋವಾಗತ್ತಂತೆ. ನೀನು ಹೋಗಬೇಕಾಗಿದ್ದ ಕಡೆ ಹೋಗಲೇ ಇಲ್ವಲ್ಲ, ಅದಕ್ಕೆ."

ರಟ್ಟಕ್ಕ ಬಾಯಿಗೆ ಬಂದದ್ದನ್ನು ನುಂಗಿಕೊಂಡಳು. ಬೈಯಲು ಇದು ಹೊತ್ತಲ್ಲ. ನೂರಾ ಮೂವತ್ತನೇ ಪುಟ ತೆಗೆದು ಬಾಚಣಿಗೆಯ ಸಾಲುಗಳನ್ನು ಗಟ್ಟಿಯಾಗಿ ಓದಿದಳು. ಎರಡು ಬಗೆಯ ಕೂದಲು ಎಂಬಲ್ಲಿ ನಿಲ್ಲಿಸಿ ಹುಡುಗಿಯ ಮುಖ ನೋಡಿದಳು. ಚೂಟಿಯ ಕಣ್ಣಲ್ಲಿ ನೀರಿತ್ತು.

"ಪಾಪ ಅಲ್ವಾ ಅತ್ತೆ? ತಂಗಿಯನ್ನ ಎಷ್ಟು ಹಚ್ಚಿಕೊಂಡಿದ್ದ."

"ಎರಡು ಥರದ ಕೂದಲು ಕಣೇ! ಇಬ್ಬರು ಹುಡುಗಿಯರದ್ದು!"

"ಇಬ್ಬರು ತಂಗಿಯರು ಇದ್ದಿರಬಹುದು." ಹುಡುಗಿ ಮುಖ ಊದಿಸಿದಳು. "ನೀನೂ ಅಮ್ಮನ ಥರ ಆಗ್ಬಿಟ್ಟೆ. ನೀನೇ ಹೇಳಿದ್ದಲ್ವಾ, ಈ ವಯಸ್ಸಲ್ಲೇ ಓದ್ಬೇಕು, ಆಮೇಲೆ ಓದಿದ್ರೆ ಸಿಗಲ್ಲ ಅಂತ? ನೀನು ಆಮೇಲೆ ಓದಿದೀಯ. ಅದಕ್ಕೇ ನಿನಗೆ ಬರೀ ಕೆಟ್ಟದ್ದು ಕಾಣ್ತಿದೆ. ಕೊಡು ಪುಸ್ತಕ."

 ಆ ಮಾತು ರಟ್ಟಕ್ಕನದೇ. ಹುಡುಗಿ ಹೇಳಿದ್ದು ಅರ್ಧ ಸರಿಯೂ ಹೌದು. ಐವತ್ತನಾಲ್ಕರ ಕಣ್ಣನ್ನು ಕಿತ್ತು ಹದಿನಾರರವಳಿಗೆ ಅಂಟಿಸಲು ಯಾವ ಅಂಟಿದೆ? ನಾಳೆ ಹತ್ತು ಗಂಟೆಗೆ ಈ ಹುಡುಗಿ ಬಸ್ಸು ಹತ್ತುತ್ತಾಳೆ, ತಾನು ಕೈಯಾರೆ ಕೊಟ್ಟ ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು. 

"ಈ 'ನಾನೇ' ಅಂತ ಯಾಕೆ ಬರೆದೆ?" ಎಂದಳು, ಇನ್ನೇನೂ ತೋಚದೆ.

"ಅವರೇ ಹೇಳಿದ್ರು. ಎಲ್ಲಿ ನಿನ್ನನ್ನ ನೀನು ಕಂಡೆಯೋ ಅಲ್ಲಿ ಬರಿ ಅಂತ. ಇನ್ಯಾರಿಗೂ ಈ ಪುಸ್ತಕ ಇಷ್ಟು ಹೊಂದಿಲ್ಲ ಅಂದ್ರು."

ಇನ್ಯಾರಿಗೂ. ರಟ್ಟಕ್ಕ ತನ್ನ ರಬ್ಬರನ್ನು ನೋಡಿದಳು. ಏಳು ವರ್ಷದಲ್ಲಿ ಮೂರು ಸಲ ಈ ಪುಸ್ತಕ ಬಂದಿತ್ತು. ಮೂರು ಸಲವೂ ಇದೇ ಮೇಜಿನ ಮೇಲೆ ಪೆನ್ಸಿಲ್ ಗೆರೆಗಳನ್ನು ಉಜ್ಜಿದ್ದಳು. ಏನನ್ನು ಉಜ್ಜಿದ್ದಳು? ಅವಳು ನೋಡಿರಲಿಲ್ಲ.

ಮೇಜಿನ ದೀಪವನ್ನು ಹತ್ತಿಸಿ, ಅದರ ಕತ್ತು ಬಗ್ಗಿಸಿ, ಬೆಳಕು ಹಾಳೆಯ ಮೇಲೆ ಅಡ್ಡಡ್ಡ ಬೀಳುವಂತೆ ಇಟ್ಟಳು. ಹರಿದ ಹಾಳೆಯ ಎಳೆ ಹುಡುಕಲು ರಟ್ಟು ಹಾಕುವವರು ಹಾಗೆ ಮಾಡುತ್ತಾರೆ. ಉಜ್ಜಿದರೆ ಪೆನ್ಸಿಲ್ಲಿನ ಬಣ್ಣ ಹೋಗುತ್ತದೆ, ಅದು ಒತ್ತಿದ ಗುಳಿ ಹೋಗುವುದಿಲ್ಲ. ಚೂಟಿ ಬರೆದ ಹೊಸ "ನಾನೇ"ಯ ಪಕ್ಕ, ಖಾಲಿಯಿದ್ದ ಅಂಚಿನಲ್ಲಿ, ನಿಧಾನವಾಗಿ ನೆರಳಿನ ಅಕ್ಷರಗಳು ಮೂಡಿದವು. ನಾನೇ. ಗುಂಡಗಿನ ಬರಹ. ಅದರ ಕೆಳಗೆ, ಓರೆಯಾಗಿ, ಅವಸರದಲ್ಲಿ: ನಾನೇ. ಇನ್ನೂ ಕೆಳಗೆ, ತೀರ ಸಣ್ಣಕ್ಕೆ: ನಾನೇ.

"ನೋಡು," ಎಂದಳು ರಟ್ಟಕ್ಕ.

ಚೂಟಿ ಬಗ್ಗಿ ನೋಡಿದಳು. ತಾನೇ ಪುಟ ತಿರುಗಿಸಿದಳು, ಇನ್ನೊಂದು ತಿರುಗಿಸಿದಳು. ಎಲ್ಲೆಲ್ಲಿ ಅವಳು ತನ್ನನ್ನು ಕಂಡಿದ್ದಳೋ ಅಲ್ಲೆಲ್ಲ ಅವಳಿಗಿಂತ ಮೊದಲೇ ಮೂವರು ಬಂದು ಹೋಗಿದ್ದರು. ಬಾಚಣಿಗೆಯ ಪುಟಕ್ಕೆ ಬಂದಾಗ ಹುಡುಗಿಯ ಕೈ ನಿಂತಿತು. 

"ಅತ್ತೆ, ಇವರೆಲ್ಲ ಈಗ ಎಲ್ಲಿದ್ದಾರೆ?"

"ಗೊತ್ತಿಲ್ಲ ಕಣೇ."

"ಚೀಟಿ ಇರುತ್ತಲ್ಲ? ಯಾರು ತಗೊಂಡಿದ್ರು ಅಂತ?"

"ಹಳೆಯದನ್ನ ನಾನೇ ಕಿತ್ತು ಬಿಸಾಡ್ತೀನಿ."

ಹಾಗೆ ಹೇಳುವಾಗಲೇ ರಟ್ಟಕ್ಕನಿಗೆ ಒಬ್ಬ ಹೆಂಗಸು ನೆನಪಾದಳು. ಐದು ವರ್ಷವಾಯಿತೇನೋ. ಬಟ್ಟೆ ಇಸ್ತ್ರಿ ಮಾಡುವವಳು, ಬೇಕರಿಯ ಹಿಂದಿನ ಬೀದಿಯಲ್ಲಿ ಮನೆ. ಇದೇ ಬಾಗಿಲಲ್ಲಿ ನಿಂತು, ನಮ್ಮ ಹುಡುಗಿ ಇಲ್ಲಿಗೆ ಬಂದಿದ್ಲಾ, ಪುಸ್ತಕ ಪುಸ್ತಕ ಅಂತಿದ್ಲು, ಎಂಟು ದಿನ ಆಯ್ತು ಮನೆಗೆ ಬಂದಿಲ್ಲ ಎಂದು ಕೇಳಿದ್ದಳು. ರಟ್ಟಕ್ಕ ಆಗ ಏನೋ ಹೊಲಿಯುತ್ತಿದ್ದಳು. ಮನಸ್ಸಿನಲ್ಲಿ ಆ ಹುಡುಗಿಯ ಬೆನ್ನು ತಟ್ಟಿದ್ದಳು. ಭೇಷ್, ಹೊರಟೇಬಿಟ್ಟಳಲ್ಲ ಎಂದುಕೊಂಡಿದ್ದಳು. ಆ ಹುಡುಗಿ ಮರಳಿ ಬಂದ ಸುದ್ದಿಯನ್ನು ಇವತ್ತಿಗೂ ಕೇಳಿರಲಿಲ್ಲ.

"ನಾನು ಆ ತಾಯಿಗೆ ಏನು ಹೇಳಿ ಕಳಿಸಿದೆ ಗೊತ್ತಾ?" ರಟ್ಟಕ್ಕ ರಬ್ಬರನ್ನು ಮೇಜಿನಾಚೆ ದೂಡಿದಳು.  "ಓದೋ ಹುಡುಗಿ ಅಲ್ವೇನಮ್ಮ, ಎಲ್ಲಿದ್ರೂ ಚೆನ್ನಾಗಿರ್ತಾಳೆ, ಹೋಗು ಅಂದೆ."

ಚೂಟಿ ಎದ್ದು ಪುಸ್ತಕದ ಮಡಿಕೆಗಳನ್ನು ಒಟ್ಟು ಮಾಡಿದಳು. 

"ಆ ಮನೆ ಗೊತ್ತಾ ನಿನಗೆ?"

"ಗೊತ್ತು."

"ಅವರಿಗೆ ಮಗಳ ಕೈಬರಹ ಗೊತ್ತಿರತ್ತೆ, ಅಲ್ವಾ?"

ರಟ್ಟಕ್ಕ ಹೂಂಗುಟ್ಟಿದಳು. ಹೊಲಿಯದ ಪುಸ್ತಕವನ್ನು ಕಾಗದದಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡಳು. ಹೊರಗೆ ಹೋಗಲು ಇದ್ದದ್ದು ಒಂದೇ ದಾರಿ, ಓದುವ ಕೋಣೆಯ ಮೂಲಕ. ಕಿಟಕಿ ಪಕ್ಕದ ಮೇಜಿನಲ್ಲಿ ಪ್ರೂಫಿನವರು ಇದ್ದರು. ಚೂಟಿ ಅತ್ತೆಯ ಕೈ ಹಿಡಿದುಕೊಂಡಳು. ಆರೇಳು ವರ್ಷದಿಂದ ಹಿಡಿದಿರಲಿಲ್ಲ.

"ಏನ್ ರಟ್ಟಕ್ಕ, ನಮ್ಮ ಪುಸ್ತಕ ರೆಡಿ ಆಯ್ತಾ?" ಅವರು ನಗುತ್ತಲೇ ಕೇಳಿದರು. ಆಮೇಲೆ ಹುಡುಗಿಯ ಮುಖ ನೋಡಿದರು. "ಎಲ್ಲಿಗೆ ತಗೊಂಡು ಹೋಗ್ತಿದ್ದೀರಿ?"

"ಒಬ್ಬ ತಾಯಿಗೆ ತೋರಿಸ್ಬೇಕು," ಎಂದಳು ರಟ್ಟಕ್ಕ. ನಿಲ್ಲಲಿಲ್ಲ.

"ಶ್," ಎಂದರು ಗ್ರಂಥಪಾಲಕರು ತಮ್ಮ ಮೇಜಿನಿಂದ.

ಬೀದಿಯಲ್ಲಿ ಇನ್ನೂ ಬಿಸಿಲಿತ್ತು. ಬೇಕರಿಯ ತಿರುವಿಗೆ ಇಬ್ಬರೂ ಬೇಗ ಬೇಗ ನಡೆದರು. ಹಿಂದೆ ಗ್ರಂಥಾಲಯದ ಬಾಗಿಲು ತೆರೆದುಕೊಂಡ ಸದ್ದಾಯಿತು, ಮತ್ತೆ ಮೆಟ್ಟಿಲು ಇಳಿಯುವ ಹೆಜ್ಜೆಗಳ ಸದ್ದು, ಅವಸರವಿಲ್ಲದ ಹೆಜ್ಜೆಗಳು. ಚೂಟಿ ತಿರುಗಿ ನೋಡಲು ಹೋದಳು. ರಟ್ಟಕ್ಕ ಅವಳ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದು, ಮುಂದೆ ನಡೆಸಿದಳು.